ಇನ್ನೂರ ಹದಿನಾಲ್ಕನೆಯ ಪುಟ

ಸೆಪ್ಟೆಂಬರ್ 3, 2022, ಶನಿವಾರ

ಬೆಳಿಗ್ಗೆ ಕಾಫಿ ಕುಡಿಯುತ್ತಾ ನನ್ನ ಗಂಡ ಹಾರ್ಮ್ ಹೇಳಿದ: "ನೋಡೇ, ನಿನ್ನ ಪಿಂಚಣಿ ಪುರಾಣ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಒಂದು ಪುಸ್ತಕದಲ್ಲಿ ಬರ್ಕೋ. ಅದಾದ್ರೆ ಮಧ್ಯದಲ್ಲಿ ಎದ್ದು ಹೋಗಲ್ಲ." ನಲವತ್ತು ವರ್ಷ ಕಾಲುವೆಯ ಗೇಟು ತೆಗೆಯುತ್ತಾ ಮುಚ್ಚುತ್ತಾ ಕಳೆದ ಮನುಷ್ಯ. ಯಾವಾಗ ಮುಚ್ಚಬೇಕು ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತು. ಆಯಿತು, ಬರೆಯುತ್ತೇನೆ.

ಇವತ್ತು ಮಾರ್ಟಿಯೆ ಮನೆಗೆ ಹೋಗಿದ್ದೆ. ಡೆಲ್ಫ್‌ಝೈಲ್ ಪಟ್ಟಣದ ಲಾಂಡ್ರಿಯಲ್ಲಿ ನಾವಿಬ್ಬರೂ ಮೂವತ್ತೊಂದು ವರ್ಷ ಒಟ್ಟಿಗೆ ದುಡಿದವರು. ಅವಳು ಕೊನೆಯವರೆಗೂ ಇಸ್ತ್ರಿ ಯಂತ್ರದ ಮುಂದೆಯೇ ನಿಂತಳು, ನಾನು ಮೇಲ್ವಿಚಾರಕಿಯಾದೆ. ಈಗ ಲಾಂಡ್ರಿ ಕೆಲಸಗಾರರ ಪಿಂಚಣಿ ನಿಧಿಯ ಮಂಡಳಿಯಲ್ಲಿ ನಿವೃತ್ತರ ಪರವಾಗಿ ನಾನು ಕೂರುತ್ತೇನೆ. ತಿಂಗಳಿಗೊಮ್ಮೆ ಮೂರು ಗಂಟೆ ರೈಲಿನಲ್ಲಿ ಉಟ್ರೆಕ್ಟ್‌ಗೆ ಹೋಗಬೇಕು. ಏಳು ಜನರ ಮೇಜು. ನನ್ನನ್ನು ಬಿಟ್ಟರೆ ಆ ಮೇಜಿನವರು ಯಾರೂ ಒದ್ದೆ ಬೆಡ್‌ಶೀಟು ಎತ್ತಿದವರಲ್ಲ.

ಮಾರ್ಟಿಯೆ ಮನೆಯ ಪೂರ್ವದ ಗೋಡೆಗೆ ಈಗ ಎರಡು ಮರದ ತೊಲೆ ಆನಿಸಿದ್ದಾರೆ. ನಮ್ಮ ಗ್ರೋನಿಂಗೆನ್ ಪ್ರಾಂತದ ನೆಲದಡಿಯಿಂದ ಅರವತ್ತು ವರ್ಷ ಗ್ಯಾಸ್ ತೆಗೆದು ತೆಗೆದು ನೆಲವೇ ಕುಸಿಯುತ್ತಿದೆ. ಟೇಪು ಹಿಡಿದ ಅಧಿಕಾರಿಗಳು ಹನ್ನೊಂದು ಸಲ ಬಂದು ಬಿರುಕು ಅಳೆದು ಹೋಗಿದ್ದಾರೆ. ಪ್ರತಿ ಸಲವೂ ಕಾಫಿ ಕುಡಿದಿದ್ದಾರೆ.

ಹೋದ ವರ್ಷ ಆ ಗೋಡೆಯ ಫೋಟೋ ಹಿಡಿದುಕೊಂಡು ಮಂಡಳಿಗೆ ಹೋಗಿದ್ದೆ. ನಿಧಿಯಲ್ಲಿದ್ದ ಗ್ಯಾಸ್ ಕಂಪನಿಗಳ ಷೇರನ್ನೆಲ್ಲ ಮಾರಿಸಿಬಿಟ್ಟೆ. ಆವತ್ತು ಮಾರ್ಟಿಯೆಗೆ ಮಾತು ಕೊಟ್ಟಿದ್ದೆ: ನಾನು ಆ ಮೇಜಿನಲ್ಲಿರುವವರೆಗೂ ನಮ್ಮ ಹೆಂಗಸರ ದುಡ್ಡು ಗ್ಯಾಸಿಗೆ ಹೋಗುವುದಿಲ್ಲ ಎಂದು. ಇವತ್ತು ಅವಳು ಕೋಟು ಹಾಕಿಕೊಂಡು ಅಡುಗೆಮನೆಯಲ್ಲಿ ಕೂತಿದ್ದಳು. ಮನೆ ಬಿಸಿ ಮಾಡುವ ಗ್ಯಾಸ್ ತುಟ್ಟಿ, ಚಳಿಗಾಲಕ್ಕೆ ಈಗಿನಿಂದಲೇ ಅಭ್ಯಾಸವಂತೆ.

"ಗ್ಯಾಸ್ ರೇಟು ಏರಿದ್ದೇ ತಡ, ಎಲ್ಲರೂ ಮತ್ತೆ ಅದರ ಹಿಂದೆ ಓಡ್ತಿದಾರಂತೆ. ನಿಮ್ಮ ಮಂಡಳಿಯವ್ರೂ ಓಡ್ತಾರೇನೇ?"

"ಹುಚ್ಚಿ. ಮಾತು ಕೊಟ್ಟಿಲ್ವಾ ನಿಂಗೆ?"

"ಕೊಟ್ಟಿದೀಯ. ನೆನಪಿದ್ಯಾ ಅಂತ ಕೇಳ್ದೆ ಅಷ್ಟೇ."

ಸೆಪ್ಟೆಂಬರ್ 22, ಗುರುವಾರ

ರೈಲಿನಲ್ಲಿ ಬರೆಯುತ್ತಿದ್ದೇನೆ. ತಲೆ ಕೆಟ್ಟು ಮೊಸರು ಗಡಿಗೆಯಾಗಿದೆ.

ಹೂಡಿಕೆ ನೋಡಿಕೊಳ್ಳುವ ಸಿಬ್ರಂಡ್ ಇದ್ದಾನಲ್ಲ, ಸೈಕಲ್ ಹೆಲ್ಮೆಟ್ಟನ್ನು ಕುರ್ಚಿಗೆ ನೇತುಹಾಕಿ ಕೂರುವವನು, ಅವನು ಎದ್ದು ಹೇಳಿದ: "ಸುದ್ದಿ ಒಳ್ಳೇದೇ. ಜನವರಿಯಿಂದ ಇಲ್ಲಿವರೆಗೆ ನಮ್ಮ ಆಸ್ತಿಯಲ್ಲಿ ಕಾಲು ಭಾಗ ಹೋಗಿದೆ." ಎಲ್ಲರೂ ತಲೆಯಾಡಿಸಿದರು. "ಆದ್ರೂ ನಿಧಿಯ ಆರೋಗ್ಯ ಹೋದ ವರ್ಷಕ್ಕಿಂತ ಸುಧಾರಿಸಿದೆ." ಮತ್ತೆ ತಲೆಯಾಡಿಸಿದರು. ಯಾರಾದರೂ ನಗುತ್ತಾರೇನೋ ಎಂದು ಸುತ್ತ ನೋಡಿದೆ. ಯಾರೂ ನಗಲಿಲ್ಲ. ಎಂಟುನೂರು ಮಿಲಿಯನ್ ಇದ್ದದ್ದು ಆರುನೂರಾಗಿದೆ, ನಾವು ಗುಣವಾಗಿದ್ದೇವೆ! ನಾನೂ ತಲೆಯಾಡಿಸಿದೆ. ಹಾಳೆಯ ಅಂಚಿನಲ್ಲಿ ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆ ಬರೆದು ಕೈ ಅಡ್ಡ ಇಟ್ಟುಕೊಂಡೆ.

ಅಧ್ಯಕ್ಷ ರೈನೌಟ್ ಎಂದೂ ಮತಕ್ಕೆ ಹಾಕುವುದಿಲ್ಲ. ಚರ್ಚೆ ಮುಗಿದ ಮೇಲೆ ಕನ್ನಡಕ ತೆಗೆದು ಮೇಜಿನ ಸುತ್ತ ಒಮ್ಮೆ ನೋಡುತ್ತಾರೆ. "ಇದಕ್ಕೆ ಯಾರದಾದರೂ ಅಡ್ಡಿ ಇದೆಯೇ?" ಮನಸ್ಸಿನಲ್ಲೇ ಮೂರು ಎಣಿಸುತ್ತಾರೆ. "ಹಾಗಾದರೆ ಆಯಿತು." ಅದೇ ತೀರ್ಮಾನ. ಈ ದೇಶದಲ್ಲಿ ಎಲ್ಲ ಹೀಗೇ ನಡೆಯುವುದು, ಅಂಚೆ ಕಚೇರಿಯಿಂದ ಅಣೆಕಟ್ಟಿನವರೆಗೆ. ಮೂರು ವರ್ಷದಲ್ಲಿ ಆ ಮೇಜಿನಲ್ಲಿ ಒಂದು ಕೈ ಮೇಲೆದ್ದದ್ದನ್ನು ನಾನು ನೋಡಿಲ್ಲ. ಹೋದ ವರ್ಷ ನಾನು ಗೆದ್ದದ್ದೂ ಹಾಗೆಯೇ. ಫೋಟೋ ತೋರಿಸಿದೆ, ಎಲ್ಲರೂ ಸುಮ್ಮನಿದ್ದರು, ಆಯಿತು.

ಸೆಪ್ಟೆಂಬರ್ 26, ಸೋಮವಾರ

ನಾಚಿಕೆ ಬಿಟ್ಟು ಸಿಬ್ರಂಡ್‌ಗೆ ಫೋನ್ ಮಾಡಿದೆ. ಪಾಪ, ತಾಳ್ಮೆಯ ಹುಡುಗ.

"ಮೂವತ್ತು ವರ್ಷ ಆದ್ಮೇಲೆ ಒಬ್ಬರಿಗೆ ನೂರು ಯೂರೋ ಕೊಡಬೇಕು ಅನ್ಕೊಳ್ಳಿ. ಬಡ್ಡಿನೇ ಇಲ್ಲ ಅಂದ್ರೆ ಇವತ್ತೇ ನೂರು ಎತ್ತಿಡಬೇಕು. ಬಡ್ಡಿ ನೂರಕ್ಕೆ ಮೂರು ಬಂದ್ರೆ ನಲವತ್ತೇ ಸಾಕು, ಅದು ತಾನಾಗೇ ಬೆಳೆಯುತ್ತೆ. ಈ ವರ್ಷ ಬಡ್ಡಿ ಏರಿ ನಮ್ಮ ಹತ್ರ ಇರೋ ದುಡ್ಡು ಕಮ್ಮಿ ಆಯ್ತು. ಎತ್ತಿಡಬೇಕಾದ ದುಡ್ಡು ಅದಕ್ಕಿಂತ ಜಾಸ್ತಿ ಕಮ್ಮಿ ಆಯ್ತು."

ಫೋನ್ ಕಿವಿಗೆ ಅಂಟಿಕೊಂಡಿರುವವರೆಗೂ ಅರ್ಥವಾಗಿತ್ತು. ಊಟದ ಹೊತ್ತಿಗೆ ಹಾರ್ಮ್‌ಗೆ ಹೇಳಲು ಹೋದೆ. ಅವನು ಆಲೂಗಡ್ಡೆ ಹಿಸುಕುತ್ತಾ ಪೂರ್ತಿ ಕೇಳಿದ.

"ಹಂಗಾದ್ರೆ ಬಡ್ಡಿ ಇನ್ನೂ ಏರಿ, ಇರೋದೆಲ್ಲ ಹೋಗ್ಬಿಟ್ರೆ, ನೀವು ಪೂರ್ತಿ ಗಟ್ಟಿಮುಟ್ಟಾಗ್ತೀರ?"

ಅವನ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದೆ.

ಅಕ್ಟೋಬರ್ 20, ಗುರುವಾರ

ಬಂದೇಬಿಟ್ಟಿತು. ಸಿಬ್ರಂಡ್ ಪ್ರಸ್ತಾವ ಮುಂದಿಟ್ಟ. ಹದಿನಾಲ್ಕು ವರ್ಷದ ನಂತರ ಮೊದಲ ಸಲ ಪಿಂಚಣಿ ಏರಿಸುವ ಅವಕಾಶ ಬಂದಿದೆ. ಈಗಿನ ಸ್ಥಿತಿಯಲ್ಲಿ ಧೈರ್ಯವಾಗಿ ಕೊಡಬಹುದಾದದ್ದು ನೂರಕ್ಕೆ ಮೂರು. ಗ್ಯಾಸ್ ಕಂಪನಿಗಳ ಷೇರು ಮತ್ತೆ ಕೊಂಡುಕೊಂಡರೆ ಐದು ಕೊಡಬಹುದು. ಅಂಗಡಿಯಲ್ಲಿ ಬೆಲೆ ಏರಿರುವುದು ನೂರಕ್ಕೆ ಹದಿನಾಲ್ಕು.

"ರಷ್ಯಾದ ಪೈಪು ಬಂದ್ ಆಗಿದೆ," ಅಂದ. "ಹಡಗಲ್ಲಿ ಗ್ಯಾಸ್ ತರೋರಿಗೆ ದುಡ್ಡು ಹಾಕೋದು ಈಗ ತಪ್ಪಲ್ಲ. ಒಂದು ಲೆಕ್ಕದಲ್ಲಿ ಕರ್ತವ್ಯ."

"ಹೋದ ವರ್ಷ ಇದೇ ಕುರ್ಚಿಯಲ್ಲಿ ಕೂತು ಗ್ಯಾಸು ಸಾಯ್ತಿರೋ ವ್ಯಾಪಾರ ಅಂದೋರು ನೀವೇ ಅಲ್ವಾ?"

"ಹೌದು, ನಾನೇ. ಹೋದ ವರ್ಷ ಯುದ್ಧ ಇರಲಿಲ್ಲ."

ಯುದ್ಧ ನಿಜ. ಬಿರುಕು ನಿಜ. ಬಿಸಿಯೇರುತ್ತಿರುವ ಭೂಮಿಯೂ ನಿಜ ಎಂದು ಹೋದ ವರ್ಷ ಇದೇ ಸಿಬ್ರಂಡ್ ಚಿತ್ರ ಬರೆದು ತೋರಿಸಿದ್ದ. ಮಾರ್ಟಿಯೆಯ ಗ್ಯಾಸ್ ಬಿಲ್ಲೂ ನಿಜ. ಒಂದೊಂದೂ ನಿಜವಾದರೆ ಎಲ್ಲ ಸೇರಿ ಒಂದು ಉತ್ತರ ಬರಬೇಕಲ್ಲ, ಬರುತ್ತಿಲ್ಲ.

ತೀರ್ಮಾನ ನವೆಂಬರ್ ಹದಿನೇಳಕ್ಕೆ. ಹೊರಡುವಾಗ ರೈನೌಟ್ ನನ್ನ ಕೋಟು ಹಿಡಿದುಕೊಟ್ಟರು. "ಫೆನ್ನಾ ಅವರೇ, ಈ ವಿಷಯದಲ್ಲಿ ನಿಮ್ಮ ಮಾತಿಗೆ ತೂಕ ಇದೆ. ನಿಮಗೆ ಅಡ್ಡಿ ಇದ್ದರೆ ನಾವು ಮುಂದೆ ಹೋಗೋದಿಲ್ಲ. ದೊಡ್ಡ ನೋಟ ಇಟ್ಟುಕೊಂಡು ಯೋಚನೆ ಮಾಡಿ." ಸುಳ್ಳು ಹೇಳಬಾರದು, ಖುಷಿಯಾಯಿತು. ಬರುವಾಗ ಸ್ಟೇಷನ್ ಅಂಗಡಿಯಲ್ಲಿ ಒಂದು ನೀಲಿ ಜಾಕೆಟ್ ಕೊಂಡೆ. ಮಂಡಳಿಗೆ ಹೋಗುವಾಗ ಹಾಕಿಕೊಳ್ಳಲು ಸರಿಯಾದದ್ದೊಂದು ಬೇಕೇ ಇತ್ತು.

ನವೆಂಬರ್ 5, ಶನಿವಾರ

ಮಾರ್ಟಿಯೆ ಗ್ಯಾಸ್ ಬಿಲ್ಲು ತೋರಿಸಿದಳು. ತಿಂಗಳಿಗೆ ತೊಂಬತ್ತಾರು ಯೂರೋ ಇದ್ದದ್ದು ಮುನ್ನೂರ ನಲವತ್ತೆರಡು. ನಮ್ಮ ನಿಧಿಯಿಂದ ಅವಳಿಗೆ ಬರುವುದು ನಾಲ್ಕುನೂರ ಹನ್ನೆರಡು, ಹದಿನಾಲ್ಕು ವರ್ಷದಿಂದ ಅಷ್ಟೇ. ಸರ್ಕಾರ ಕೊಡುವ ಪಿಂಚಣಿ ಬಾಡಿಗೆಗೂ ಊಟಕ್ಕೂ ಸರಿಹೋಗುತ್ತದೆ.

"ನನ್ನ ಕಾಲ ಕೆಳಗಿಂದ ತೆಗೆದ್ರು, ಈಗ ನಂಗೇ ಈ ರೇಟಿಗೆ ಮಾರ್ತಾರೆ," ಎಂದು ನಕ್ಕಳು.

ಪಿಂಚಣಿ ಏರುವ ಸಾಧ್ಯತೆ ಇದೆ ಎಂದೆ. ಇರುವ ದುಡ್ಡಿಗೂ ಕೊಡಬೇಕಾದ ದುಡ್ಡಿಗೂ ನಡುವಿನ ಅನುಪಾತ ಸುಧಾರಿಸಿರುವುದನ್ನು, ಬಡ್ಡಿಯ ಪರಿಣಾಮವನ್ನು ವಿವರಿಸಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ನಿಂಗೆ ಅರ್ಥ ಆಗಿದ್ಯಾ ಇದು?"

"ಆಗಿದೆ."

ಯಾಕೆ ಹಾಗೆಂದೆನೋ. ಗ್ಯಾಸಿನ ಪ್ರಸ್ತಾವದ ವಿಷಯ ಎತ್ತಲಿಲ್ಲ. ಇನ್ನೂ ತೀರ್ಮಾನವಾಗದ್ದನ್ನು ಹೊರಗೆ ಹೇಳುವ ಹಾಗಿಲ್ಲ, ನಿಯಮವೇ ಇದೆ. ಸದಸ್ಯರಿಗೆ ಇಂಥ ವಿಷಯ ತಿಳಿಸುವುದು ಕಷ್ಟ. ಅವರು ತಮ್ಮ ಒಂದು ಬಿಲ್ಲು ನೋಡುತ್ತಾರೆ, ನಾವು ನಲವತ್ತು ಸಾವಿರ ಜನರನ್ನು ನೋಡಬೇಕು.

ನವೆಂಬರ್ 12, ಶನಿವಾರ

ಮಾರ್ಟಿಯೆ ಮನೆಗೆ ಹೋಗಲಿಲ್ಲ. ಸಭೆಯ ಕಡತ ಓದುವುದಿತ್ತು. ಬೆಳಿಗ್ಗೆ ಬೇಡ ಅನ್ನಿಸಿತು, ಮಾತು ಕೊಟ್ಟಿದ್ದೇನೆ. ಮಧ್ಯಾಹ್ನ, ಎಂಥಾ ಮಾತು, ಚಳಿಯಲ್ಲಿ ಕೂತ ಮುದುಕಿಯರಿಗೆ ಎರಡು ಪರ್ಸೆಂಟು ತಪ್ಪಿಸಲು ನಾನ್ಯಾರು ಅನ್ನಿಸಿತು. ಸಂಜೆ ಮತ್ತೆ ಬೇಡ. ಹಾರ್ಮ್‌ನನ್ನು ಕೇಳಿದರೆ, "ನಂಗೆ ಗೇಟು ಮಾತ್ರ ಗೊತ್ತು" ಅಂದ. ಅಡ್ಡಿ ಇದೆ ಎಂದೇ ಹೇಳುತ್ತೇನೆ. ಬರೆದುಕೊಂಡಿದ್ದೇನೆ. ಕಡತದಲ್ಲಿ ಆ ಪ್ರಸ್ತಾವದ ಪುಟಕ್ಕೆ ಹಳದಿ ಚೀಟಿ ಅಂಟಿಸಿದ್ದೇನೆ.

ನವೆಂಬರ್ 17, ಗುರುವಾರ

ರೈಲು ಝ್ವೋಲ್ಲೆ ಸ್ಟೇಷನ್ ದಾಟಿತು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಮುನ್ನೂರ ಹದಿನೆಂಟು ಪುಟದ ಕಡತ. ನಿನ್ನೆ ಮಧ್ಯಾಹ್ನ ತಿದ್ದಿದ ಪ್ರತಿ ಕಳಿಸಿದ್ದರಂತೆ, ನಾನು ತಂದದ್ದು ಹಳೆಯ ಪ್ರತಿ. ಸಿಬ್ರಂಡ್ "ಇನ್ನೂರ ಹದಿನಾಲ್ಕನೇ ಪುಟದ ಪಟ್ಟಿ ನೋಡಿ" ಅಂದ. ನನ್ನ ಇನ್ನೂರ ಹದಿನಾಲ್ಕರಲ್ಲಿ ವಿಮೆಯ ಏನೋ ಇತ್ತು. ಮುಂದೆ ತಿರುವಿದೆ, ಹಿಂದೆ ತಿರುವಿದೆ. ಹಳದಿ ಚೀಟಿ ಎಲ್ಲಿ ಬಿತ್ತೋ ಕಾಣಲಿಲ್ಲ. ಪಕ್ಕದಲ್ಲಿದ್ದ ವುಬ್ಬೋ, ಲಾಂಡ್ರಿ ಮಾಲೀಕರ ಪರವಾಗಿ ಕೂರುವವರು, ಅವರ ಪುಟ ಕದ್ದು ನೋಡಲು ಹೋದರೆ ಅವರೂ ತಿರುವುತ್ತಲೇ ಇದ್ದರು. ರೈನೌಟ್ ದನಿ ಕೇಳಿಸಿತು. "ಇದಕ್ಕೆ ಯಾರದಾದರೂ ಅಡ್ಡಿ ಇದೆಯೇ?" ಆ ಪಟ್ಟಿಯ ಬಗ್ಗೆ ಕೇಳುತ್ತಿದ್ದಾರೆ ಅಂದುಕೊಂಡೆ. ಒಂದು, ಎರಡು, ಮೂರು.

"ಹಾಗಾದರೆ ಆಯಿತು."

ಸಿಬ್ರಂಡ್ "ಧನ್ಯವಾದ" ಎಂದು ಕೂತ. ಧನ್ಯವಾದ ಯಾಕೆ ಎಂದು ತಲೆ ಎತ್ತಿದೆ. ಆಗ ಹೊಳೆಯಿತು, ಅವರು ಕೇಳಿದ್ದು ಇಡೀ ಪ್ರಸ್ತಾವದ ಬಗ್ಗೆ. ಕೈ ಎತ್ತಿದೆ, ಅರ್ಧ. ರೈನೌಟ್ ಆಗಲೇ ಕಚೇರಿಯ ಬಾಡಿಗೆ ಕರಾರಿನ ವಿಷಯ ಶುರು ಮಾಡಿದ್ದರು, ಮಾತಿನ ನಡುವೆ ನನ್ನತ್ತ ನೋಡಿದರು. ಎತ್ತಿದ ಕೈಯಲ್ಲಿ ಕನ್ನಡಕ ಸರಿಮಾಡಿಕೊಂಡೆ.

ಪುಟ ಸಿಗಲಿಲ್ಲವೋ, ಸಿಗದಿದ್ದರೆ ಒಳ್ಳೆಯದು ಎಂದು ಹುಡುಕಿದೆನೋ? ಗೊತ್ತಿಲ್ಲ. ನಿಜವಾಗಿ ಗೊತ್ತಿಲ್ಲ.

ನವೆಂಬರ್ 18, ಶುಕ್ರವಾರ

ಕಿಟಕಿ ಒರೆಸಿದೆ. ಎಲ್ಲ ಕಿಟಕಿಗಳನ್ನೂ.

ನವೆಂಬರ್ 26, ಶನಿವಾರ

ಮಾರ್ಟಿಯೆಯೇ ಫೋನ್ ಮಾಡಿದಳು. ಪಿಂಚಣಿ ಐದು ಏರುತ್ತದೆ ಎಂದು ಪತ್ರ ಬಂದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಹೂಡಿಕೆ ನೀತಿಯ ಬದಲಾವಣೆಯ ವಿಷಯವೂ ಇದೆ. ಅವಳು ಸಣ್ಣ ಅಕ್ಷರವನ್ನೇ ಮೊದಲು ಓದುವವಳು.

"ಗ್ಯಾಸ್ ತಗೊಂಡ್ರಾ?"

"ಪರಿಸ್ಥಿತಿ ಬದಲಾಗಿದೆ ಮಾರ್ಟಿಯೆ. ಎಲ್ಲ ಬದಿಯಿಂದ ಅಳೆದು ತೂಗಿ ಮಂಡಳಿ ಒಂದು ನಿಲುವಿಗೆ ಬಂತು."

"ನೀನು ಏನಂದೆ ಅಂತ ಕೇಳಿದ್ದು."

"ಹೇಳೋದನ್ನ ಹೇಳ್ದೆ."

"ಬೇಡ ಅಂದೋಳು ನೀನೊಬ್ಳೇನಾ?"

"ಹ್ಞೂಂ."

"ಹೋಗ್ಲಿ ಬಿಡು, ಪಾಪ," ಅಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಡಿಸೆಂಬರ್ 7, ಬುಧವಾರ

ನವೆಂಬರ್ ಸಭೆಯ ನಡಾವಳಿಯ ಕರಡು ಬಂದಿದೆ. "ಪ್ರಸ್ತಾವಕ್ಕೆ ಸರ್ವಾನುಮತದ ಒಪ್ಪಿಗೆ ದೊರೆಯಿತು." ಹದಿನೈದರಂದು ಇದನ್ನು ಅಂಗೀಕರಿಸುತ್ತೇವೆ, ಆಮೇಲೆ ನಿಧಿಯ ಜಾಲತಾಣದಲ್ಲಿ ಹಾಕುತ್ತಾರೆ. ಮಾರ್ಟಿಯೆಯ ಅಣ್ಣನ ಮಗಳು ಅದನ್ನೆಲ್ಲ ಅಚ್ಚು ಹಾಕಿ ತಂದುಕೊಡುತ್ತಾಳೆ. ಮಾರ್ಟಿಯೆ ಪೆನ್ಸಿಲ್ ಹಿಡಿದು ಓದುತ್ತಾಳೆ.

ಹಾರ್ಮ್‌ಗೆ ತೋರಿಸಿದೆ. ಎರಡು ಸಲ ಓದಿದ. "ಇದನ್ನ ಓದಿ ಅವಳಿಗೆ ಗೊತ್ತಾಗೋದಕ್ಕಿಂತ ಮುಂಚೆ ನೀನೇ ಹೋಗು," ಅಂದ.

ಡಿಸೆಂಬರ್ 10, ಶನಿವಾರ

ಹೋದೆ. ಜಾಕೆಟ್ ಕೂಡ ಬಿಚ್ಚಲಿಲ್ಲ, ನಿಂತೇ ಹೇಳಿಬಿಟ್ಟೆ. ನಾನು ಏನೂ ಅನ್ನಲಿಲ್ಲ ಕಣೇ, ಪುಟ ಹುಡುಕ್ತಿದ್ದೆ, ಸುಮ್ಮನಿದ್ದೆ, ನಿಂಗೆ ಸುಳ್ಳು ಹೇಳ್ದೆ.

ಅವಳು ಕೂಗಾಡಲಿಲ್ಲ. ಮೇಜಿನ ಬಟ್ಟೆಯ ಸುಕ್ಕು ತೀಡಿದಳು. ಆಮೇಲೆ ಕೇಳಿದಳು: "ನಂಗೆ ಇಪ್ಪತ್ತು ಯೂರೋ ಚಿಲ್ಲರೆ ಜಾಸ್ತಿ ಬರುತ್ತಲ್ಲ, ಅದರಲ್ಲಿ ಗ್ಯಾಸಿಂದು ಎಷ್ಟು? ಅಷ್ಟನ್ನ ವಾಪಸ್ ಕಳಿಸ್ತೀನಿ."

"ಹಾಗೆ ಬೇರೆ ಮಾಡೋಕಾಗಲ್ಲ ಮಾರ್ಟಿಯೆ. ಎಲ್ಲ ಒಂದೇ ನಿಧಿಗೆ ಹೋಗಿ, ಒಂದೇ ನಿಧಿಯಿಂದ ಬರುತ್ತೆ. ಒಟ್ಟಾರೆ ನೋಡಿದ್ರೆ..."

"ತೊಂಬತ್ತನಾಲ್ಕರಲ್ಲಿ ಆಸ್ಪತ್ರೆ ಬಟ್ಟೆನೂ ಹೋಟೆಲ್ ಬಟ್ಟೆನೂ ಒಂದೇ ಡ್ರಮ್ಮಿಗೆ ಹಾಕಿದ ಹುಡುಗೀನ ಆವತ್ತೇ ಮನೆಗೆ ಕಳಿಸಿದ್ರಿ. ಗೊತ್ತಾಗಲಿಲ್ಲ, ಒಟ್ಟಿಗೆ ಇತ್ತು ಅಂತ ಅತ್ತಳು ಅವಳು. ನೀವು ಕೇಳಲಿಲ್ಲ. ಸರಿಯಾಗೇ ಮಾಡಿದ್ರಿ."

ಮೂವತ್ತೊಂದು ವರ್ಷದಲ್ಲಿ ನಾನು ಮೇಲ್ವಿಚಾರಕಿಯಾಗಿದ್ದಾಗಲೂ ಅವಳು ನನಗೆ 'ನೀವು' ಅಂದವಳಲ್ಲ. ಕಾಫಿ ಕುಡಿಯದೆ ಬಂದೆ. ದಾರಿಯುದ್ದಕ್ಕೂ ಆ ಹುಡುಗಿಯ ಹೆಸರು ನೆನಪಿಸಿಕೊಳ್ಳಲು ನೋಡಿದೆ, ಬರಲಿಲ್ಲ. ಅಳು ಬಂತು.

ಡಿಸೆಂಬರ್ 15, ಗುರುವಾರ

ಮೊದಲ ವಿಷಯ, ಹಿಂದಿನ ಸಭೆಯ ನಡಾವಳಿ. ರೈನೌಟ್ ಕನ್ನಡಕ ತೆಗೆದರು. "ಇದಕ್ಕೆ ಯಾರದಾದರೂ ಅಡ್ಡಿ..."

"ನಂದಿದೆ," ಅಂದೆ. ದನಿ ಜೋರಾಯಿತು, ಕಾಫಿ ತಂದವಳು ಬಾಗಿಲಲ್ಲೇ ನಿಂತಳು. "ಸರ್ವಾನುಮತ ಅಂತ ಬರೆದಿದೀರಿ. ನಾನು ಒಪ್ಪಿರಲಿಲ್ಲ. ನಂಗೆ ಪುಟ ಸಿಕ್ಕಿರಲಿಲ್ಲ. ಸಿಕ್ಕಿದ್ರೂ ಅರ್ಥ ಆಗ್ತಿರಲಿಲ್ಲ. ಆದ್ರೂ ಸುಮ್ಮನಿದ್ದೆ, ಅದು ತಪ್ಪು. ಅದನ್ನ ಬರ್ಕೊಳ್ಳಿ."

ರೈನೌಟ್ ಮೆತ್ತಗೆ ಹೇಳಿದರು: "ಫೆನ್ನಾ ಅವರೇ, ಒಪ್ಪಿರಲಿಲ್ಲ ಅಂತ ಬರೆಯೋಣ, ತೊಂದರೆ ಇಲ್ಲ. ಆದರೆ ಅರ್ಥ ಆಗಲಿಲ್ಲ ಅನ್ನೋದು ದಾಖಲಾದರೆ ನಿಧಿಗಳನ್ನು ಪರಿಶೀಲಿಸೋ ಮೇಲಿನ ಅಧಿಕಾರಿಗಳು ನಿಮ್ಮನ್ನು ಈ ಕುರ್ಚಿಯಲ್ಲಿ ಕೂರೋಕೆ ಬಿಡೋದಿಲ್ಲ. ಅರ್ಹತೆಯ ಪ್ರಶ್ನೆ ಬರುತ್ತೆ. ನಿಮಗೆ ಗೊತ್ತು."

ಗೊತ್ತಿತ್ತು. ಆದರೂ ಬರೆಯಿರಿ ಅಂದೆ.

ಆಗ ವುಬ್ಬೋ ಗಂಟಲು ಸರಿಮಾಡಿಕೊಂಡರು. "ನಂಗೂ ಸಿಕ್ಕಿರಲಿಲ್ಲ ಆ ಪುಟ," ಅಂದರು. ನನಗೆ ಅವರನ್ನು ಅಪ್ಪಿಕೊಳ್ಳೋಣ ಅನ್ನಿಸಿತು. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ? "ಹೋದ ವರ್ಷ ನೀವು ಆ ಗೋಡೆ ಫೋಟೋ ತೋರಿಸಿದಾಗಲೂ ಅಷ್ಟೇ. ಏನು ಹೇಳಬೇಕು ಅಂತ ತಿಳೀದೆ ಸುಮ್ಮನಿದ್ದೆ."

ಹಾಗಾದರೆ ನಾನು ಗೆದ್ದದ್ದೂ ಗೆಲುವಲ್ಲ. ಒಳ್ಳೆಯದಾಯಿತು.

ಒಪ್ಪಿಗೆ ಇರಲಿಲ್ಲ ಎಂದಾದ ಮೇಲೆ ಗ್ಯಾಸಿನ ಪ್ರಸ್ತಾವವನ್ನು ಮತಕ್ಕೆ ಹಾಕಲೇಬೇಕಾಯಿತು. ಕಾರ್ಯದರ್ಶಿಗೆ ಅದನ್ನು ಬರೆಯುವ ರೀತಿ ಗೊತ್ತಿರಲಿಲ್ಲ, ನಿಯಮಾವಳಿ ತರಿಸಿದರು. ಇಪ್ಪತ್ತು ನಿಮಿಷ ಹಿಡಿಯಿತು. ನಾನು, ವುಬ್ಬೋ, ಕಾರ್ಮಿಕ ಸಂಘದ ಪ್ರತಿನಿಧಿ ಬೇಡ ಎಂದೆವು. ಉಳಿದ ನಾಲ್ವರು ಬೇಕು ಎಂದರು. ಗ್ಯಾಸ್ ಉಳಿಯಿತು, ಐದು ಪರ್ಸೆಂಟೂ ಉಳಿಯಿತು. ನಾನು ಕೈ ಎತ್ತುವಾಗ ಇದು ಸರಿಯೇ ಎಂದು ಖಚಿತವಿತ್ತೇ? ಇರಲಿಲ್ಲ. ನಲವತ್ತು ಸಾವಿರ ಜನರಲ್ಲಿ ಎಷ್ಟು ಜನಕ್ಕೆ ಆ ಎರಡು ಪರ್ಸೆಂಟು ಬೇಕಿತ್ತೋ. ಈಗಲೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಬರೆಯಲು ಮಾತ್ರ ಈಗ ಕೈ ತಡೆಯುವುದಿಲ್ಲ.

ಊಟದ ವೇಳೆಗೆ ರಾಜೀನಾಮೆ ಬರೆದುಕೊಟ್ಟೆ. ಮೇಲಿನವರು ಕೇಳುವವರೆಗೆ ಕಾಯುವುದೇಕೆ? ಸಿಬ್ರಂಡ್ ಕೆಳಗಿನವರೆಗೂ ಬಂದು ಬಾಗಿಲು ತೆಗೆದ. "ನೀವು ಫೋನ್ ಮಾಡ್ತಿದ್ರಲ್ಲ, ಅದರಿಂದ ನಂಗೂ ಸ್ಪಷ್ಟ ಆಗ್ತಿತ್ತು," ಅಂದ. ಒಳ್ಳೆಯ ಹುಡುಗ.

ಡಿಸೆಂಬರ್ 31, ಶನಿವಾರ

ಮೂರು ವಾರದಿಂದ ಮಾರ್ಟಿಯೆಯ ಫೋನಿಲ್ಲ. ನಾನೂ ಮಾಡಲಿಲ್ಲ, ಯಾವ ಮುಖ ಇಟ್ಟುಕೊಂಡು ಮಾಡಲಿ? ಮಧ್ಯಾಹ್ನ ಹಾರ್ಮ್ ಹಿತ್ತಲಿನಲ್ಲಿ ಹೊಸ ವರ್ಷದ ಓಲಿಬೊಲ್ಲನ್ ಕರಿಯುತ್ತಿದ್ದ. ದ್ರಾಕ್ಷಿ ಹಾಕಿದ ಆ ಉಂಡೆ ಒಂದಾದರೂ ಗುಂಡಗೆ ಬಂದಿರಲಿಲ್ಲ, ಬೈಯುತ್ತಿದ್ದೆ. ಗೇಟಿನ ಸದ್ದಾಯಿತು.

ಮಾರ್ಟಿಯೆ ಸೈಕಲ್ ನಿಲ್ಲಿಸಿ ಒಳಗೆ ಬಂದಳು. ಕೈಯಲ್ಲಿ ತಿದ್ದಿದ ನಡಾವಳಿಯನ್ನು ಅಚ್ಚು ಹಾಕಿದ ದಪ್ಪ ಕಂತೆ. ಅಡುಗೆಮನೆಯಲ್ಲಿ ಕೂತು, ಕನ್ನಡಕ ಹಾಕಿ, ಪೆನ್ಸಿಲ್ ಗೆರೆ ಎಳೆದಿದ್ದ ಕಡೆ ಬೆರಳಿಟ್ಟು, ಶಾಲೆಯ ಮಕ್ಕಳ ಹಾಗೆ ಬಿಡಿಸಿ ಬಿಡಿಸಿ ಓದಿದಳು:

"ಶ್ರೀಮತಿ ಫೆನ್ನಾ ಬುಲ್ಟೆನಾ ಅವರು, ತಮಗೆ ಪ್ರಸ್ತಾವ ಅರ್ಥವಾಗಿರಲಿಲ್ಲವೆಂದೂ, ಆದರೂ ಸುಮ್ಮನಿದ್ದರೆಂದೂ, ಅದು ತಪ್ಪೆಂದೂ ದಾಖಲಿಸಲು ಕೋರಿದರು."

ಹಾಳೆ ಮಡಿಸಿದಳು. ನಾನು ಒಲೆಯ ಕಡೆ ನೋಡುತ್ತಾ ನಿಂತಿದ್ದೆ.

"ನಾಲ್ಕು ವರ್ಷದಿಂದ ನಿಧಿಯವರ ಕಾಗದ ಒಂದೂ ಬಿಡದೆ ಓದ್ತಾ ಇದೀನಿ," ಅಂದಳು ಮಾರ್ಟಿಯೆ. "ನಂಗೆ ಅರ್ಥ ಆಗಿದ್ದು ಈ ಒಂದೇ ಸಾಲು ಕಣೇ."